ಹನ್ನೊಂದು ಅಡಿಯ ಕಾರು

(ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಟೇಪ್ ಹಿಡಿದುಕೊಳ್ಳಲು ಇಬ್ಬರು ಬೇಕು. ಮುಂದಿನ ಸಾಲಿನಲ್ಲಿ ಕೂತಿರುವ ನೀವು ಬನ್ನಿ. ಆಮೇಲೆ ಆ ನೀಲಿ ಶರಟಿನ ಹುಡುಗ, ನೀನೂ ಬಾಪ್ಪ. ಒಬ್ಬರು ಗೋಡೆಗೆ ಒತ್ತಿ ಹಿಡಿಯಿರಿ, ಇನ್ನೊಬ್ಬರು ಎಳೆಯುತ್ತಾ ಹೋಗಿ. 14 ಅಡಿ 2 ಇಂಚಿಗೆ ನಿಲ್ಲಿಸಿ, ಅಲ್ಲೊಂದು ಸೀಮೆಸುಣ್ಣದ ಗೆರೆ ಹಾಕಿ. ಇದು ಹ್ಯುಂಡೈ ಕ್ರೆಟಾ. ನಮ್ಮ ಬೀದಿಯೊಂದರಲ್ಲೇ ನಾಲ್ಕಿವೆ. ಈಗ ಹಿಂದಕ್ಕೆ ಬನ್ನಿ. 10 ಅಡಿ 11 ಇಂಚು. ಇದು ನನ್ನ ಮಾರುತಿ 800. ಇನ್ನೂ ಹಿಂದೆ, 10 ಅಡಿ 2 ಇಂಚು, ಟಾಟಾ ನ್ಯಾನೋ. 9 ಅಡಿ 9 ಇಂಚು, ಈಗ ಓಡಾಡುತ್ತಿರುವ ಎಂಜಿ ಕಾಮೆಟ್. ಇನ್ನೂ ಒಂದಡಿ ಹಿಂದೆ. 8 ಅಡಿ 8 ಇಂಚು. ಇದು ರೇವಾ, ನಮ್ಮ ಬೆಂಗಳೂರಿನದೇ ಕಾರು.

ಆ ತುದಿಯ ಗೆರೆಗೂ ಈ ತುದಿಯ ಗೆರೆಗೂ ನಡುವೆ ಐದೂವರೆ ಅಡಿ ಇದೆ. ನಾನು ಅಲ್ಲಿ ಕಾಲು ಚಾಚಿ ಮಲಗಬಹುದು. ಮಲಗಲ್ಲ, ಪಂಚೆ ಹೊಸದು.

ಗೆರೆಗಳು ಹಾಗೇ ಇರಲಿ, ಅಳಿಸಬೇಡಿ. ಈವತ್ತು ನಾನು ಹೇಳುವುದೆಲ್ಲ ಇವುಗಳ ಸುತ್ತಲೇ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಕಾರುಗಳ ಬಗ್ಗೆ ಮಾತಾಡಿ ಅಂದಾಗ ಅಳತೆಯಿಂದಲೇ ಶುರು ಮಾಡದೆ ಇನ್ನೇನು ಮಾಡಲಿ? ಸಣ್ಣ ಕಾರು ಕೊಡುವ ಸುಖವೂ ಈ ಗೆರೆಯಿಂದಲೇ ಬರುತ್ತೆ, ಅದು ಕೊಡುವ ಕಾಟವೂ ಇದೇ ಗೆರೆಯಿಂದ ಬರುತ್ತೆ. ಒಂದು ಬೇಕು, ಇನ್ನೊಂದು ಬೇಡ ಅನ್ನೋಕೆ ಆಗಲ್ಲ.

ನಾನು 1998ರಲ್ಲಿ 800 ತೆಗೆದುಕೊಂಡೆ. ಯಾಕೆ ಅದನ್ನೇ ತೆಗೆದುಕೊಂಡಿರಿ ಅಂತ ಕೇಳಿದರೆ ದೊಡ್ಡ ಕಾರಣ ಏನೂ ಇಲ್ಲ. ನಮ್ಮದು 20–30 ಸೈಟು. ಮುಂಭಾಗ ಇಪ್ಪತ್ತು ಅಡಿ. ಅದರಲ್ಲಿ ಮೆಟ್ಟಿಲಿಗೆ ಒಂದಷ್ಟು ಹೋಯಿತು, ನೀರಿನ ಸಂಪ್‌ಗೆ ಒಂದಷ್ಟು, ನನ್ನಾಕೆಯ ತುಳಸಿಕಟ್ಟೆಗೆ ಒಂದಷ್ಟು. ಮೇಸ್ತ್ರಿ ಕೊನೆಗೆ ಕಾರಿಗೆ ಅಂತ ಬಿಟ್ಟದ್ದು ಹನ್ನೆರಡು ಅಡಿ ಉದ್ದ, ಏಳಡಿ ಅಗಲ. ಸಂಬಳ ನೋಡಿ ಕಾರು ಆರಿಸುವವರು ಇರುತ್ತಾರೆ, ಬಣ್ಣ ನೋಡಿ ಆರಿಸುವವರೂ ಇರುತ್ತಾರೆ. ನನ್ನ ಕಾರನ್ನು ಆರಿಸಿದ್ದು ಮೇಸ್ತ್ರಿ.

ಅಗಲದ ಲೆಕ್ಕವನ್ನೂ ನೋಡಿ. 800ರ ಅಗಲ 4 ಅಡಿ 9 ಇಂಚು. ಏಳಡಿಯಲ್ಲಿ ಅದು ನಿಂತ ಮೇಲೆ ಬಾಗಿಲು ತೆಗೆಯಲು ಎರಡೂಕಾಲು ಅಡಿ ಉಳಿಯುತ್ತೆ. ಅದೇ ಜಾಗದಲ್ಲಿ ಕ್ರೆಟಾ ನಿಲ್ಲಿಸಿದರೆ ಉಳಿಯೋದು 14 ಇಂಚು. ಹದಿನಾಲ್ಕು ಇಂಚಿನ ಸಂದಿಯಲ್ಲಿ ನಾನು ಇಳಿಯಬೇಕಾದರೆ ವರ್ಷವಿಡೀ ಏಕಾದಶಿ ಮಾಡಬೇಕು.

ಈ ಅಗಲ ಎಲ್ಲಿಂದ ಬಂತು ಗೊತ್ತಾ? ಜಪಾನಿನಿಂದ. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಅದು. ಜನಕ್ಕೆ ಕಾರು ಬೇಕು, ಕೈಯಲ್ಲಿ ಕಾಸಿಲ್ಲ, ಊರುಗಳ ಓಣಿಗಳೆಲ್ಲ ಇಕ್ಕಟ್ಟು. 1949ರಲ್ಲಿ ಅವರು ಒಂದು ಕಾನೂನು ಮಾಡಿದರು. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಎಂಜಿನ್ ಒಳಗಿದ್ದರೆ ಅದು 'ಕೇ' ಕಾರು, ಅದಕ್ಕೆ ತೆರಿಗೆ ಕಡಿಮೆ. ಕಾಲಕಾಲಕ್ಕೆ ಆ ಮಿತಿಯನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸಿದರು. 1976ರ ಹೊತ್ತಿಗೆ ಅದು 3.2 ಮೀಟರ್ ಉದ್ದ, 1.4 ಮೀಟರ್ ಅಗಲ, 550 ಸಿಸಿ ಎಂಜಿನ್ ಆಗಿತ್ತು. ಸುಜುಕಿಯವರು ಆ ಮಿತಿಗೆ ಹೊಂದುವಂತೆ ಮಾಡಿದ್ದ ಕಾರಿನಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದರು. ಅದೇ ನಮ್ಮ ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಆಗ ಅದರ ಬೆಲೆ ಐವತ್ತು ಸಾವಿರದ ಒಳಗೇ ಇತ್ತು. ಟೋಕಿಯೋದಲ್ಲಿ ಯಾರೋ ಅಧಿಕಾರಿ ಹಾಕಿದ ಗೆರೆಯಿಂದಾಗಿ, ಬೆಂಗಳೂರಿನಲ್ಲಿ ನಾನು ಗೇರ್ ಬದಲಿಸಿದಾಗಲೆಲ್ಲ ನನ್ನ ಮೊಣಕೈ ಪಕ್ಕದಲ್ಲಿದ್ದವರಿಗೆ ತಗುಲುತ್ತಿತ್ತು. ಮದುವೆಯಾದ ಹೊಸದರಲ್ಲಿ ಇದು ತೊಂದರೆ ಅನಿಸಲ್ಲ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಅನಿಸುತ್ತೆ.

ತಿರುಗಿಸುವ ವಿಷಯಕ್ಕೆ ಬರೋಣ. ಕಾರಿನ ಕಾಗದದಲ್ಲಿ ಟರ್ನಿಂಗ್ ರೇಡಿಯಸ್ ಅಂತ ಒಂದು ಅಂಕಿ ಇರುತ್ತೆ. ಯಾರೂ ಓದಲ್ಲ. ಎಲ್ಲರೂ ಮೈಲೇಜ್ ಕೇಳಿ ಎದ್ದು ಬರುತ್ತಾರೆ. ಅದು ವೃತ್ತದ ತ್ರಿಜ್ಯ. ಎರಡರಿಂದ ಗುಣಿಸಿದರೆ ಯು-ಟರ್ನ್ ಹೊಡೆಯಲು ಎಷ್ಟು ಅಗಲ ಬೇಕು ಅನ್ನೋದು ಸಿಗುತ್ತೆ. ರೇವಾಗೆ ಮೂರೂವರೆ ಮೀಟರ್, ಅಂದರೆ ಏಳು ಮೀಟರ್ ರಸ್ತೆ ಸಾಕು. ನ್ಯಾನೋಗೆ ಎಂಟು. 800ಕ್ಕೆ 8.8. ಕ್ರೆಟಾಗೆ ಹತ್ತೂವರೆ ದಾಟುತ್ತೆ. ಈಗ ನಮ್ಮ ಬಡಾವಣೆಯ ಮೂವತ್ತು ಅಡಿ ರಸ್ತೆಯನ್ನು ಮೀಟರಿಗೆ ತನ್ನಿ, ಒಂಬತ್ತು ಚಿಲ್ಲರೆ. ರೇವಾ, ನ್ಯಾನೋ ಆರಾಮಾಗಿ ಒಂದೇ ಏಟಿಗೆ ತಿರುಗುತ್ತವೆ. ಕ್ರೆಟಾ ಹಿಂದೆ ಮುಂದೆ ಮಾಡಲೇಬೇಕು. ನನ್ನ 800 ಲೆಕ್ಕದಲ್ಲಿ ತಿರುಗುತ್ತೆ, ರಸ್ತೆಯಲ್ಲಿ ತಿರುಗಲ್ಲ. ಯಾಕೆಂದರೆ ಎರಡೂ ಬದಿ ಸ್ಕೂಟರ್ ನಿಂತಿರುತ್ತವೆ. ಲೆಕ್ಕ ಸರಿ ಇದ್ದು ಉತ್ತರ ತಪ್ಪು ಬರುವ ಜಾಗ ಬೆಂಗಳೂರು ಒಂದೇ ಇರಬೇಕು.

ಗಾಂಧಿ ಬಜಾರಿನ ಒಂದು ಸಂಜೆ ಹೇಳುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ. ನಿಮಗೆ ಗೊತ್ತಲ್ಲ, ಆವತ್ತು ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬಾಳೆಕಂದು, ಮಾವಿನ ಸೊಪ್ಪು, ಮೊರದ ಬಾಗಿನ, ಎಲ್ಲ ರಸ್ತೆಯ ಮೇಲೇ. ಒಂದು ಇನ್ನೋವಾ ನಿಂತಿದೆ, ಅದರ ಹಿಂದೆ ಒಂದು ಟೆಂಪೋ. ನಡುವೆ ಸ್ವಲ್ಪ ಸಂದಿ. ನನ್ನ ಮುಂದೆ ಎರಡು ಕಾರಿನವರು ಬಂದರು, ನೋಡಿದರು, ತಲೆ ಅಲ್ಲಾಡಿಸಿ ಹೋದರು. ನಾನು ನಿಲ್ಲಿಸಿದೆ. ಹನ್ನೆರಡೂವರೆ ಅಡಿ ಇರಬಹುದು ಅನಿಸಿತು. ರಿವರ್ಸ್ ಹಾಕಿದೆ. ಪಕ್ಕದಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಮ್ಮ ಕನಕಾಂಬರ ಕಟ್ಟುತ್ತಾ ಕಟ್ಟುತ್ತಾ ನನ್ನ ಹಿಂದಿನ ಬಂಪರ್ ನೋಡುತ್ತಿದ್ದರು. ಕೈ ನಿಲ್ಲಲಿಲ್ಲ, ಬಾಯಿ ಮಾತ್ರ ಹೇಳಿತು, "ಬನ್ನಿ ಸಾ, ಇನ್ನೂ ಒಂದ್ ಮೊಳ ಐತೆ." ಬಂದೆ. "ಅರ್ಧ ಮೊಳ ಐತೆ ಬನ್ನಿ." ಇನ್ನೂ ಬಂದೆ. "ಸಾಕ್ ನಿಲ್ಲಿ."

ಇಳಿದು ನೋಡಿದರೆ ಹಿಂದೆ ಒಂದು ಗೇಣು ಬಿಟ್ಟಿತ್ತು, ಮುಂದೆ ಒಂದು ಗೇಣಿಗಿಂತ ಕೊಂಚ ಜಾಸ್ತಿ. ನನ್ನ ಟೇಪಿಗಿಂತ ಆಕೆಯ ಮೊಳವೇ ಕರಾರುವಾಕ್ಕು. ಆವತ್ತು ಎರಡು ಮೊಳ ಮಲ್ಲಿಗೆ ಜಾಸ್ತಿ ತೆಗೆದುಕೊಂಡೆ, ಚೌಕಾಸಿ ಮಾಡಲಿಲ್ಲ. ಮಾಡುವ ಮುಖವೂ ಇರಲಿಲ್ಲ. ಈಗಿನ ಕಾರುಗಳಲ್ಲಿ ಹಿಂದೆ ಕ್ಯಾಮೆರಾ ಇರುತ್ತೆ, ಕುಂಯ್ ಕುಂಯ್ ಅಂತ ಸದ್ದು ಮಾಡುತ್ತೆ. ಸಣ್ಣ ಕಾರಿಗೆ ಅದು ಬೇಕಾಗಿಯೇ ಇಲ್ಲ. ಸೀಟಿನಲ್ಲಿ ಕೂತು ಹಿಂದೆ ತಿರುಗಿದರೆ ಹಿಂದಿನ ಗಾಜು ಕೈಗೆ ಸಿಗುವಷ್ಟು ಹತ್ತಿರ. ನಾಲ್ಕು ಮೂಲೆ ಎಲ್ಲೆಲ್ಲಿವೆ ಅಂತ ಒಂದು ವಾರದಲ್ಲಿ ಮೈಗೇ ಗೊತ್ತಾಗಿಬಿಡುತ್ತೆ, ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟುವ ಹಾಗೆ.

ಇನ್ನು ಓಡಿಸುವ ಕಷ್ಟ. ನನ್ನದು ಕಾರ್ಬ್ಯುರೇಟರ್ ಇರುವ ಗಾಡಿ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು, ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಸಿಗುವಂತೆ ಮಾಡುವ ಹಿಡಿ ಅದು. ಎಳೆದು, ಕೀಲಿ ತಿರುಗಿಸಿ, ಸದ್ದು ಹದಕ್ಕೆ ಬಂದ ಮೇಲೆ ನಿಧಾನಕ್ಕೆ ಚೋಕ್ ಒಳಗೆ ತಳ್ಳಬೇಕು. ಮರೆತರೆ ಪೆಟ್ರೋಲ್ ವಾಸನೆ ಬೀದಿಗೆಲ್ಲ. ಎದುರುಮನೆಯವರಿಗೆ ನಾನು ಶಾಲೆಗೆ ಹೊರಟೆ ಅನ್ನೋದು ಆ ವಾಸನೆಯಿಂದಲೇ ತಿಳಿಯುತ್ತಿತ್ತು.

ಎಂಜಿನ್ನಿನ ಶಕ್ತಿ 37 ಅಶ್ವಶಕ್ತಿ. ಕಾರಿನ ತೂಕ ಸುಮಾರು 650 ಕಿಲೋ. ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ. ಐದು ಜನ ಕೂತರೆ ಮುನ್ನೂರು, ಮುನ್ನೂರೈವತ್ತು ಕಿಲೋ. ಅಂದರೆ ಕಾರಿನ ತೂಕದ ಅರ್ಧದಷ್ಟನ್ನು ನಾವೇ ಹೇರಿದ ಹಾಗಾಯಿತು. ದೊಡ್ಡ ಕಾರಿಗೆ ಅದು ನಾಲ್ಕನೇ ಒಂದು ಭಾಗ. ಅದಕ್ಕೇ ದೊಡ್ಡ ಕಾರಿಗೆ ಯಾರು ಹತ್ತಿದರು, ಯಾರು ಇಳಿದರು ಅನ್ನೋ ಖಬರೇ ಇರಲ್ಲ. ಸಣ್ಣ ಕಾರಿಗೆ ಪ್ರತಿಯೊಬ್ಬರೂ ಗೊತ್ತು. ಷಡ್ಡಕ ಹತ್ತಿದರೆ ಬ್ರೇಕ್ ಒಂದು ಮಾರು ಮುಂದೆ ಹಿಡಿಯುತ್ತೆ. ನಂದಿ ಬೆಟ್ಟಕ್ಕೆ ಒಂದು ಸಲ ಐದು ಜನ ಹೋದೆವು. ಕೊನೆಯ ತಿರುವುಗಳಲ್ಲಿ ಎಸಿ ಆರಿಸಿದೆ, ಕಿಟಕಿ ಇಳಿಸಿದೆ, ಫಸ್ಟ್ ಗೇರಿಗೆ ಬಂದೆ. ಹಿಂದಿನ ಸೀಟಿನಲ್ಲಿದ್ದ ಮಗ, "ಅಪ್ಪಾ, ಇಳಿದು ನಡೆಯಲಾ?" ಅಂದ. ತಮಾಷೆಗೆ ಅಂದದ್ದು, ಆದರೆ ಅವನು ಇಳಿದಿದ್ದರೆ ಕಾರಿಗೆ ನಿಜವಾಗಿಯೂ ಉಪಕಾರ ಆಗುತ್ತಿತ್ತು.

ಗುಂಡಿ ವಿಷಯ ಹೇಳದಿದ್ದರೆ ಬೆಂಗಳೂರಿನ ಉಪನ್ಯಾಸವೇ ಅಲ್ಲ. 800, ನ್ಯಾನೋ, ಕಾಮೆಟ್ ಎಲ್ಲಕ್ಕೂ 12 ಇಂಚಿನ ಚಕ್ರ. ಸಣ್ಣ ಚಕ್ರ ಗುಂಡಿಗೆ ಜಾಸ್ತಿ ಇಳಿಯುತ್ತೆ. ಬಟ್ಟಲಿನ ಬಾಯಿ ಮೇಲೆ ನಿಂಬೆಹಣ್ಣು ಇಟ್ಟರೆ ಒಳಗೆ ಬೀಳುತ್ತೆ, ತೆಂಗಿನಕಾಯಿ ಇಟ್ಟರೆ ಮೇಲೇ ಕೂರುತ್ತೆ. ಅಷ್ಟೇ ವಿಜ್ಞಾನ. ಆದರೆ ಸಣ್ಣ ಕಾರಿಗೆ ಇನ್ನೊಂದು ದಾರಿ ಇದೆ. ಅದು ಗುಂಡಿಯ ಪಕ್ಕದಲ್ಲಿ ಹೋಗಬಲ್ಲದು. ಒಂದೂಮುಕ್ಕಾಲು ಮೀಟರ್ ಅಗಲದ ಗಾಡಿಗೆ ಪಕ್ಕ ಅನ್ನೋದೇ ಇರಲ್ಲ, ಅದು ಗುಂಡಿಯಲ್ಲೇ ಹೋಗಬೇಕು.

ಈಗ ರೇವಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಆಸೆ.

ಚೇತನ್ ಮೈನಿ ಅವರ ಕಂಪನಿ ಅದನ್ನು 2001ರಲ್ಲಿ ಬೆಂಗಳೂರಿನ ರಸ್ತೆಗೆ ತಂದಿತು. ಬೊಮ್ಮಸಂದ್ರದಲ್ಲಿ ತಯಾರಾಗುತ್ತಿತ್ತು. ಕರೆಂಟಿನ ಕಾರು ಅಂದರೆ ಜನ ನಗುತ್ತಿದ್ದ ಕಾಲ. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮೈಯೆಲ್ಲ ಪ್ಲಾಸ್ಟಿಕ್ ಹಾಳೆ, ಗೀಚಿದರೆ ತುಕ್ಕು ಹಿಡಿಯಲ್ಲ. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಬ್ಯಾಟರಿ, ಎಲ್ಲ ಸೀಸದವು, ಒಟ್ಟು 48 ವೋಲ್ಟ್. 2004ರಿಂದ ಲಂಡನ್ನಿನಲ್ಲಿ ಅದು ಜಿ-ವಿಝ್ ಅನ್ನೋ ಹೆಸರಲ್ಲಿ ಓಡಿತು. ಲಂಡನ್ನಿನ ನಡುಪೇಟೆಗೆ ಕಾರು ತಂದರೆ ದಿನಕ್ಕೆ ಇಷ್ಟು ಅಂತ ಸುಂಕ ಕಟ್ಟಬೇಕು, ಕರೆಂಟಿನ ಕಾರಿಗೆ ಆಗ ಅದು ಮಾಫಿ ಇತ್ತು. ಬೊಮ್ಮಸಂದ್ರದ ಕಾರು ಲಂಡನ್ನಿನಲ್ಲಿ ಹೆಸರು ಮಾಡಿದ್ದಕ್ಕೆ ಆ ಸುಂಕವೂ ಒಂದು ಕಾರಣ.

ನಮ್ಮ ಪಕ್ಕದ ಮನೆಯವರ ಹತ್ತಿರ ಒಂದಿತ್ತು. ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ಆರು ತಿಂಗಳು ಅಮೆರಿಕಕ್ಕೆ ಹೊರಟರು. ಹೋಗುವಾಗ ಮನೆಯ ಕೀಲಿ, ಗಿಡಗಳಿಗೆ ನೀರು ಹಾಕುವ ಕೆಲಸ, ಆಮೇಲೆ ರೇವಾ, ಮೂರನ್ನೂ ನನಗೆ ಒಪ್ಪಿಸಿದರು. "ಮೇಷ್ಟ್ರೇ, ಓಡಿಸ್ತಾ ಇರಿ, ಸುಮ್ನೆ ನಿಲ್ಲಿಸಿದ್ರೆ ಬ್ಯಾಟರಿ ಹಾಳಾಗತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ ಮರೀಬೇಡಿ." ಕಾರಿಗೂ ನೀರು, ಗಿಡಕ್ಕೂ ನೀರು. ರಾತ್ರಿ ಹೊತ್ತು ಅವರ ಮನೆಯ ಕಿಟಕಿಯಿಂದ ದಪ್ಪ ವೈರ್ ಇಳಿಬಿಟ್ಟು ಪ್ಲಗ್ ಹಾಕುತ್ತಿದ್ದೆ. ಬೆಳಿಗ್ಗೆ ತುಂಬಿರುತ್ತಿತ್ತು. ಪೆಟ್ರೋಲ್ ಬಂಕಿಗೆ ಹೋಗೋದೇ ಇಲ್ಲ ಅನ್ನೋ ರುಚಿ ಹತ್ತಿದ್ದು ಆಗ.

ಸದ್ದಿಲ್ಲ ಅಂದರೆ ಸದ್ದಿಲ್ಲ. ನಮ್ಮ ಬೀದಿಯ ಕರಿನಾಯಿ 800 ಬಂದರೆ ತಿರುವಿನಲ್ಲೇ ಕಿವಿ ನಿಮಿರಿಸಿ ಎದ್ದು ಹೋಗುತ್ತಿತ್ತು. ರೇವಾ ಬಂದರೆ ಮೂತಿಯ ಹತ್ತಿರ ಚಕ್ರ ಬಂದರೂ ಮಲಗೇ ಇರುತ್ತಿತ್ತು. ನಾನೇ ಇಳಿದು ಎಬ್ಬಿಸಬೇಕು. ಮಕ್ಕಳು ಕ್ರಿಕೆಟ್ ಆಡುವಾಗಲೂ ಇದೇ ಭಯ. ಹಾರ್ನ್ ಹೊಡೆಯುವ ಅಭ್ಯಾಸ ನನಗಿರಲಿಲ್ಲ, ರೇವಾ ಕಲಿಸಿತು.

ಕಂಪನಿ ಹೇಳಿದ್ದು ಒಂದು ಚಾರ್ಜಿಗೆ 80 ಕಿಲೋಮೀಟರ್. ಸೀಸದ ಬ್ಯಾಟರಿ ಯಾವುದೇ ಇರಲಿ, ವಯಸ್ಸಾದ ಹಾಗೆ ಕಸುವು ಇಳಿಯುತ್ತೆ. ಇವರ ಕಾರಿನ ಬ್ಯಾಟರಿಗಳಿಗೆ ಮೂರು ವರ್ಷ ಹತ್ತಿರ ಬಂದಿತ್ತು. ಐವತ್ತು ಬರುತ್ತೆ ಅಂತ ಅವರೇ ಹೇಳಿದ್ದರು. ಒಂದು ದಿನ ಯಲಹಂಕದಲ್ಲಿ ಗೃಹಪ್ರವೇಶ. ಹೋಗಲು 22, ಬರಲು 22, ಒಟ್ಟು 44. ಐವತ್ತಕ್ಕೆ ಆರು ಉಳಿಯಿತಲ್ಲ ಅಂದುಕೊಂಡು ಹೊರಟೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಬುದ್ಧಿ ನೋಡಿ. ಏರು ಇದೆ, ಫ್ಲೈಓವರ್ ಇದೆ, ವಾಪಸ್ ಬರುವಾಗ ಕತ್ತಲಾಗುತ್ತೆ, ಲೈಟ್ ಹಾಕಬೇಕು, ಮಳೆ ಬಂದರೆ ವೈಪರ್ ಹಾಕಬೇಕು. ಯಾವುದನ್ನೂ ಕಳೆಯಲಿಲ್ಲ.

ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಚಾರ್ಜ್ ತೋರಿಸುವ ಮುಳ್ಳು ನೋಡಿದೆ, ಎದೆ ಧಸಕ್ ಅಂತು. ಮೇಖ್ರಿ ಸರ್ಕಲ್ ದಾಟುವ ಹೊತ್ತಿಗೆ ಕಾರು ಜಟಕಾ ಗಾಡಿಯ ವೇಗಕ್ಕೆ ಬಂದಿತ್ತು. ನನ್ನಾಕೆ ರೇಷ್ಮೆ ಸೀರೆಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ತಾಂಬೂಲದ ಚೀಲ. ಒಂದು ಮಾತೂ ಆಡುತ್ತಿಲ್ಲ. ಮಾತಾಡಿದ್ದರೆ ವಾಸಿಯಿತ್ತು. ಕೊನೆಗೆ ಒಂದು ಪಂಚರ್ ಅಂಗಡಿ ಕಂಡಿತು. ಅಲ್ಲಿ ಗಾಳಿ ಹೊಡೆಯುವ ಮೋಟಾರಿಗೆ ಅಂತ ದೊಡ್ಡ ಪ್ಲಗ್ ಇತ್ತು. ಆ ಹುಡುಗನಿಗೆ ವಿಷಯ ಹೇಳಿದೆ. ಅವನು ಕಾರು ನೋಡಿದ, ನನ್ನನ್ನು ನೋಡಿದ, ಪ್ಲಗ್ ಬಿಚ್ಚಿ ಕೊಟ್ಟ. ಒಂದೂವರೆ ಗಂಟೆ ಅಲ್ಲೇ ಟೈರುಗಳ ಮೇಲೆ ಕೂತೆವು. ತಾಂಬೂಲದ ಚೀಲದಲ್ಲಿದ್ದ ಲಾಡು ಹುಡುಗನಿಗೂ ಕೊಟ್ಟು ನಾವೂ ತಿಂದೆವು.

ಆಗ ಒಬ್ಬ ಆಟೋದವರು ಚಕ್ರಕ್ಕೆ ಗಾಳಿ ಹಾಕಿಸಲು ಬಂದರು. ಮೋಟಾರಿನ ಪ್ಲಗ್ ಕಾರಿಗೆ ಹೋಗಿದೆ, ಕಾಯಬೇಕು. ಅವರು ರೇವಾದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ತಮ್ಮ ಆಟೋವನ್ನು ತಂದು ಪಕ್ಕದಲ್ಲೇ ನಿಲ್ಲಿಸಿದರು. ಮತ್ತೆ ಒಂದು ಪ್ರದಕ್ಷಿಣೆ. ಆಮೇಲೆ ಹೇಳಿದರು, "ಸಾರ್, ಇದು ನಮ್ ಆಟೋನೇ. ಬಾಗ್ಲು ಇಕ್ಕವ್ರೆ ಅಷ್ಟೇ."

ಮನೆಗೆ ಬಂದು ಅಳತೆ ತೆಗೆದು ನೋಡಿದೆ. ಅವರು ಹೇಳಿದ್ದು ಸರಿ. ರೇವಾ ಉದ್ದ 2.6 ಮೀಟರ್ ಚಿಲ್ಲರೆ, ಅಗಲ 1.3 ಮೀಟರ್ ಚಿಲ್ಲರೆ. ನಮ್ಮ ಬಜಾಜ್ ಆಟೋ ಹೆಚ್ಚು ಕಡಿಮೆ ಅಷ್ಟೇ. ಬೆಂಗಳೂರಿನಲ್ಲಿ ಓಡಾಡಲು ಗಾಡಿ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ಈ ಊರು ಯಾವತ್ತೋ ಕಂಡುಕೊಂಡಿತ್ತು, ಆಟೋದ ರೂಪದಲ್ಲಿ. ನಾವು ಕಾರು ಕೊಳ್ಳುವಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ.

ಇಲ್ಲಿ ನನಗೆ ಅರ್ಥವಾಗದ ಒಂದು ವಿಷಯ ಇದೆ. ರೇವಾ ಓಡಿಸಿಕೊಂಡು ಹೋದರೆ ಜನ ಸಿಗ್ನಲ್‌ನಲ್ಲಿ ಗಾಜು ಇಳಿಸಿ ಮಾತಾಡಿಸುತ್ತಿದ್ದರು. "ಸಾರ್, ಕರೆಂಟ್ ಕಾರಾ? ಎಷ್ಟು ಕೊಡತ್ತೆ? ಪರಿಸರಕ್ಕೆ ಒಳ್ಳೇದು ಸಾರ್." ಒಂಥರಾ ವಿಜ್ಞಾನಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಮೈಸೂರಿನಲ್ಲಿರುವ ನನ್ನ ತಮ್ಮ ನ್ಯಾನೋ ತೆಗೆದುಕೊಂಡ. ರೇವಾಕ್ಕಿಂತ ಒಂದೂವರೆ ಅಡಿ ಉದ್ದ. ನಾಲ್ಕು ಬಾಗಿಲು. ನಾಲ್ಕು ಜನ ದೊಡ್ಡವರು ನಿಜವಾಗಿಯೂ ಕೂರಬಹುದು. ಅವನನ್ನು ನೋಡಿ ಜನ ಪಾಪ ಅನ್ನುತ್ತಿದ್ದರು.

ನ್ಯಾನೋ ಕಥೆ ನಿಮಗೆಲ್ಲ ಗೊತ್ತು. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ನಡುವೆ ಸಿಕ್ಕಿಕೊಂಡ ಮಗು, ಇವರಿಗೊಂದು ಕಾರು ಬೇಕು ಅಂತ ರತನ್ ಟಾಟಾ ಹೊರಟರು. 2008ರ ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿದರು. ಒಂದು ಲಕ್ಷ ರೂಪಾಯಿ ಕಾರು. 2009ರಲ್ಲಿ ಬುಕಿಂಗ್ ಎರಡು ಲಕ್ಷ ದಾಟಿತು, ಮೊದಲ ಲಕ್ಷ ಕಾರು ಯಾರಿಗೆ ಅಂತ ಲಾಟರಿ ಎತ್ತಿದರು. ನನ್ನ ತಮ್ಮನಿಗೆ ಬಂತು. ಅವನ ಜೀವನದಲ್ಲಿ ಹೊಡೆದ ಲಾಟರಿ ಅದೊಂದೇ.

ಆ ಕಾರು ಕಟ್ಟಿದವರ ಬುದ್ಧಿವಂತಿಕೆ ನೋಡಬೇಕು. ಒಂದೇ ವೈಪರ್. ಚಕ್ರಕ್ಕೆ ನಾಲ್ಕರ ಬದಲು ಮೂರೇ ನಟ್ಟು. ಎರಡು ಸಿಲಿಂಡರಿನ 624 ಸಿಸಿ ಎಂಜಿನ್ ಹಿಂದಿನ ಸೀಟಿನ ಅಡಿಯಲ್ಲಿ. ಮುಂದಿನ ಬಾನೆಟ್ ಎತ್ತಿದರೆ ಸ್ಟೆಪ್ನಿ, ಅದರ ಪಕ್ಕದಲ್ಲೇ ಪೆಟ್ರೋಲ್ ಹಾಕುವ ಬಾಯಿ. ಬಂಕಿನ ಹುಡುಗರು ಪೈಪ್ ಹಿಡಿದುಕೊಂಡು ಕಾರಿನ ಎರಡೂ ಪಕ್ಕ ಹುಡುಕಾಡಿ, ಹಿಂದೆ ಹೋಗಿ, ಕೊನೆಗೆ ತಮ್ಮನ ಮುಖ ನೋಡುತ್ತಿದ್ದರು. ಅವನು ಇಳಿದು ಬಾನೆಟ್ ಎತ್ತಿದರೆ ಕಾರು ಕೆಟ್ಟಿದೆ ಅಂದುಕೊಂಡು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಡಿಕ್ಕಿ ಹೊರಗಿನಿಂದ ತೆಗೆಯೋಕೆ ಬರುತ್ತಿರಲಿಲ್ಲ, 2015ರ ಮಾದರಿಯವರೆಗೂ. ಹಿಂದಿನ ಸೀಟು ಮಡಚಿ ಸಾಮಾನು ತುರುಕಬೇಕು. ಆದರೆ ಒಳಗೆ ಕೂತರೆ ತಲೆಯ ಮೇಲೆ ಅಷ್ಟು ಜಾಗ. ನನ್ನ ತಮ್ಮ ಆರಡಿ. 800ರಲ್ಲಿ ಕತ್ತು ಬಗ್ಗಿಸಿ ಕೂರುತ್ತಿದ್ದವನು ನ್ಯಾನೋದಲ್ಲಿ ಪೇಟ ಕಟ್ಟಿಕೊಂಡು ಕೂರಬಹುದಿತ್ತು.

ಪೇಟ ಅಂದಾಗ ನೆನಪಾಯಿತು. ಅವನ ಮಗಳ ನಿಶ್ಚಿತಾರ್ಥಕ್ಕೆ ಒಂದು ಕಲ್ಯಾಣ ಮಂಟಪಕ್ಕೆ ಹೋದೆವು. ನ್ಯಾನೋ ಮುಂದೆ, ನಮ್ಮ 800 ಹಿಂದೆ. ಗೇಟಿನ ಕಾವಲಿನವನು ನ್ಯಾನೋ ತಡೆದು, "ಹೂವಿನ ಡೆಕೋರೇಶನ್‌ನವರು ಹಿಂದಿನ ಗೇಟಲ್ಲಿ ಹೋಗ್ಬೇಕು" ಅಂದ. ನನ್ನ ತಮ್ಮ ಏನೂ ಹೇಳಲಿಲ್ಲ. ಹಿಂದಿನ ಗೇಟಿಗೇ ಹೋದ. ಅಲ್ಲಿ ನೆರಳಿತ್ತು, ಜಾಗವೂ ಬೇಕಾದಷ್ಟಿತ್ತು. ಊಟದ ಹೊತ್ತಿಗೆ ಬೀಗರು, "ನಿಮ್ಮ ಗಾಡಿ ಎಲ್ಲಿ ಕಾಣ್ಲಿಲ್ಲ?" ಅಂದರು. "ಅಡುಗೆಮನೆ ಹತ್ರ ಇದೆ, ಹೋಗ್ತಾ ಹೋಳಿಗೆ ತುಂಬ್ಕೊಂಡು ಹೋಗೋಣ ಅಂತ" ಅಂದ ಇವನು. ಆಮೇಲೆ ಎರಡು ವರ್ಷಕ್ಕೆ ಕಾರು ಮಾರಿದ. ಚೆನ್ನಾಗಿ ಓಡುತ್ತಿದ್ದ ಕಾರು. ಯಾಕೆ ಮಾರಿದೆ ಅಂತ ನಾನು ಕೇಳಲಿಲ್ಲ.

ಅಗ್ಗದ ಕಾರು ಅಂತ ಹೆಸರು ಬಿದ್ದದ್ದು, ತಮ್ಮ ಕಂಪನಿಯೇ ಹಾಗೆ ಕರೆದದ್ದು ತಪ್ಪಾಯಿತು ಅಂತ ರತನ್ ಟಾಟಾ ಅವರೇ ಆಮೇಲೆ ಹೇಳಿದರು. 2018ಕ್ಕೆ ತಯಾರಿಕೆ ನಿಂತೇಹೋಯಿತು. ನನ್ನ ಪ್ರಕಾರ ಅಳತೆ ಸರಿಯಿತ್ತು, ಹೆಸರು ಕೆಟ್ಟಿತು. ಅದೇ ಕಾರಿಗೆ ಇನ್ನೊಂದು ಲಕ್ಷ ಜಾಸ್ತಿ ಇಟ್ಟು, ಕಾಲೇಜು ಹುಡುಗರ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಥರ್ಡ್ ಪಾರ್ಟಿ ವಿಮೆ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ದಾಟಿದರೆ 7,897. 2022ರಲ್ಲಿ ನಿಗದಿಯಾದ ದರ ಇದು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಅನ್ನೋದು ನಮ್ಮ ಸರ್ಕಾರ ಹಾಕಿದ ಸೀಮೆಸುಣ್ಣದ ಗೆರೆ. ಆದರೆ ನೋಡಿ, ನಾಲ್ಕು ಮೀಟರ್ ಅಂದರೆ 13 ಅಡಿ. ಜಪಾನಿನವರ ಮಿತಿ ಇವತ್ತಿಗೂ 3.4 ಮೀಟರ್. ನಮ್ಮಲ್ಲಿ 3.99 ಮೀಟರಿಗೆ ತಂದು ನಿಲ್ಲಿಸಿ, ಅದಕ್ಕೆ ಎತ್ತರದ ಮೂತಿ ಹಚ್ಚಿ, ಎಸ್‌ಯುವಿ ಅಂತ ಮಾರುತ್ತಾರೆ. ಗೆರೆ ಎಲ್ಲಿರುತ್ತೋ ಅಲ್ಲಿಯವರೆಗೂ ಹಿಗ್ಗೋದು ಮನುಷ್ಯರ ಹಾಗೇ ಕಾರಿನ ಸ್ವಭಾವ.

ನಮ್ಮ ಸೊಸೆ ಈಗ ಕಾಮೆಟ್ ಓಡಿಸುತ್ತಾಳೆ. 2023ರಲ್ಲಿ ಬಂದ ಕಾರು. ಮತ್ತೆ ಎರಡೇ ಬಾಗಿಲು. ಮನೆಯ ಪ್ಲಗ್ಗಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಹೊತ್ತಿಗೆ ತುಂಬಿರುತ್ತೆ. ಬ್ಯಾಟರಿ 17.3 ಯೂನಿಟ್ಟಿನದು, ಒಂದು ಚಾರ್ಜಿಗೆ 230 ಕಿಲೋಮೀಟರ್ ಅನ್ನೋದು ಕಂಪನಿಯ ಲೆಕ್ಕ. ಅವಳಿಗೆ ದಿನಕ್ಕೆ ಬೇಕಾಗೋದು ಮೂವತ್ತು. ನಾನು ಪಕ್ಕದಲ್ಲಿ ಕೂತರೂ ಚಾರ್ಜಿನ ಅಂಕಿ ನೋಡುತ್ತಲೇ ಇರುತ್ತೇನೆ, ಯಲಹಂಕದ ಭಯ ಹೋಗಿಲ್ಲ. ಅವಳು ನಗುತ್ತಾಳೆ. ನನ್ನಾಕೆಗೆ ಮಾತ್ರ ಆ ಕಾರಿನ ಹಿಂದಿನ ಸೀಟು ಆಗಿಬರಲ್ಲ. ಮುಂದಿನ ಸೀಟು ಸರಿಸಿ, ಸೆರಗು ಎತ್ತಿ ಹಿಡಿದು, ಒಂದು ಕಾಲು ಇಟ್ಟು, ತಲೆ ತಗ್ಗಿಸಿ ನುಗ್ಗಬೇಕು. "ಗವಿಗಂಗಾಧರನ ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗಾಗತ್ತೆ" ಅನ್ನುತ್ತಾಳೆ. ಮಂಡಿ ನೋವಿರುವವರು ಮನೆಯಲ್ಲಿದ್ದರೆ ಎರಡು ಬಾಗಿಲಿನ ಕಾರು ತರಬೇಡಿ. ತಂದರೆ ಅವರನ್ನು ಮುಂದೆ ಕೂರಿಸಿ, ಹಿಂದಿನ ಸೀಟು ಮಡಚಿ ತರಕಾರಿ ಇಡಿ.

ಈಗ ತಮಾಷೆ ಬಿಟ್ಟು ಒಂದು ಮಾತು. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ನಮ್ಮ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೋ ಎರಡೂ ಅದರಲ್ಲಿದ್ದವು. ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ. ನನ್ನ 800 ಅದಕ್ಕಿಂತ ಹಳೆಯದು, ಏರ್‌ಬ್ಯಾಗ್ ಅನ್ನೋ ಪದವೇ ಅದಕ್ಕೆ ಗೊತ್ತಿಲ್ಲ. ಬಾನೆಟ್ ಅಷ್ಟು ಗಿಡ್ಡ ಇದ್ದರೆ ಗುದ್ದಿದಾಗ ನಜ್ಜುಗುಜ್ಜಾಗಲು ಲೋಹ ಎಲ್ಲಿದೆ? ಮುಂದಿನದು ನಿಮ್ಮ ಮೊಣಕಾಲೇ. ಪಾರ್ಕಿಂಗಿನಲ್ಲಿ ಸುಖ ಕೊಟ್ಟ ಅದೇ ಗೆರೆ ಇಲ್ಲಿ ಬೆಲೆ ಕೇಳುತ್ತೆ. 2019ರ ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಇವತ್ತಿನ ಆಲ್ಟೊ ಕೆ10ಗೆ ಆರು ಏರ್‌ಬ್ಯಾಗ್ ಬರುತ್ತವೆ. ಹೊಸದು ಕೊಳ್ಳುವವರು ಪುಣ್ಯವಂತರು. ಹಳೆಯದನ್ನು ಇಟ್ಟುಕೊಂಡವರಿಗೆ ನಾನು ಹೇಳೋದು ಒಂದೇ, ಊರೊಳಗೆ ಓಡಿಸಿ. ನಾನು ತುಮಕೂರು ರಸ್ತೆಗೆ 800 ಒಯ್ಯೋದು ಬಿಟ್ಟು ಎಷ್ಟೋ ವರ್ಷ ಆಯಿತು. ಲಾರಿ ಪಕ್ಕದಲ್ಲಿ ಹಾದುಹೋದರೆ ಅದರ ಗಾಳಿಗೇ ಕಾರು ಒಂದು ಗೇಣು ಪಕ್ಕಕ್ಕೆ ಸರಿಯುತ್ತೆ. ತುಮಕೂರಿಗೆ ರೈಲಿದೆ.

ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಅಕ್ಷರ ನನ್ನ ಮಗನದು. 2010ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4 ನಿಯಮ ಬಂದಾಗ ಬೆಂಗಳೂರಿನಲ್ಲಿ 800 ಮಾರಾಟ ನಿಂತಿತು. 2014ರಲ್ಲಿ ಕಾರ್ಖಾನೆಯಲ್ಲೇ ನಿಂತಿತು. ಬಿಡಿಭಾಗ ಮಾತ್ರ ಇವತ್ತಿಗೂ ಜೆ.ಸಿ. ರೋಡಿನಲ್ಲಿ ಸಿಗುತ್ತೆ. ಕಳೆದ ತಿಂಗಳು ಕ್ಲಚ್ ಕೇಬಲ್ ತರಲು ಹೋಗಿದ್ದೆ. ಅಂಗಡಿಯವರು ಮಾಡೆಲ್ ಕೇಳಲಿಲ್ಲ, ಮುಖ ನೋಡಿ ಕೊಟ್ಟರು. ಪೆಟ್ರೋಲಿಗೆ ಈಗ 20 ಪರ್ಸೆಂಟ್ ಎಥೆನಾಲ್ ಬೆರೆಸುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ ಅಂತ ನಮ್ಮ ಮೆಕ್ಯಾನಿಕ್ ಹೇಳಿದರು, ಬದಲಾಯಿಸಿದೆ.

ಹದಿನೈದು ವರ್ಷಕ್ಕೆ ಮೊದಲ ಸಲ ಆರ್‌ಸಿ ನವೀಕರಣ ಮಾಡಿಸಿದ್ದು 2013ರಲ್ಲಿ. ಆಮೇಲೆ ಐದೈದು ವರ್ಷಕ್ಕೊಮ್ಮೆ, 2018, 2023. 2023ರಲ್ಲಿ ಶುಲ್ಕ ಐದು ಸಾವಿರ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಈಗ ಹತ್ತು ಸಾವಿರ ಮಾಡಿದ್ದಾರೆ. ಮುಂದಿನದು 2028ಕ್ಕೆ. ಅಷ್ಟು ಕೊಟ್ಟು ಯಾರಾದರೂ ಮಾಡಿಸುತ್ತಾರಾ ಅಂತ ಮಗ ಕೇಳುತ್ತಾನೆ. ಅವನದು ಆ ಮೊದಲ ಗೆರೆಯ ಕಾರು, 14 ಅಡಿ 2 ಇಂಚು. ನಮ್ಮ ಮನೆಯ ಹನ್ನೆರಡು ಅಡಿಯಲ್ಲಿ ಹಿಡಿಸಲ್ಲ, ಬೀದಿಯಲ್ಲಿ ನಿಲ್ಲುತ್ತೆ. ಮೊನ್ನೆ ಜೋರು ಮಳೆಯಲ್ಲಿ ಕೊಂಬೆ ಮುರಿದು ಅದರ ಮೇಲೆ ಬಿತ್ತು. ರಿಪೇರಿಗೆ ಒಂದು ವಾರ ಬೇಕಾಯಿತು. ಆ ವಾರ ಅವನು ಆಫೀಸಿಗೆ ಹೋಗಿಬಂದದ್ದು 800ರಲ್ಲಿ. ಚೋಕ್ ಒಳಗೆ ತಳ್ಳೋಕೆ ದಿನಾ ಮರೆಯುತ್ತಿದ್ದ. ಎದುರುಮನೆಯವರು ನಾನು ಮತ್ತೆ ಕೆಲಸಕ್ಕೆ ಸೇರಿದೆ ಅಂದುಕೊಂಡರಂತೆ.